ಹೊಸ ಪುಸ್ತಕಕ್ಕೆ ಕಾಯುತ್ತಿರುವವರಲ್ಲಿ ಒಂದು ಮನವಿ

ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಆಟ ಆಡುವ ಗೆಳೆಯ ಗೆಳತಿಯರೇ, ಮನೆಯಲ್ಲಿ ಮಗನೋ ಮಗಳೋ ಬಣ್ಣಬಣ್ಣದ ದಾಳ ಉರುಳಿಸುತ್ತ ಗಂಟೆಗಟ್ಟಲೆ ಮಾತಾಡುವುದನ್ನು ಕಂಡು ‘ಇದೆಂಥ ಆಟವೋ’ ಎಂದುಕೊಂಡಿರುವ ಹಿರಿಯರೇ, ಗ್ರಂಥಾಲಯ ನೋಡಿಕೊಳ್ಳುವವರೇ, ಮೇಷ್ಟ್ರುಗಳೇ, ಈ ಮನವಿ ನಿಮ್ಮೆಲ್ಲರಿಗೂ. ಹೆಚ್ಚಿನ ಪಾಲು ಮೊದಲು ಹೆಸರಿಸಿದವರಿಗೆ.

ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ಗೆ ಹೊಸದೊಂದು ಪೂರಕ ಪುಸ್ತಕ ಬರುತ್ತದಂತೆ ಎಂಬ ಸುದ್ದಿ ಬಿದ್ದರೆ ಸಾಕು, ಅದು ಅಂಗಡಿಗೆ ಬರಲು ತಿಂಗಳುಗಳಿದ್ದರೂ ಮಾತು ಶುರುವಾಗುತ್ತದೆ. ಮುಖಪುಟದ ಮೂಲೆಯಲ್ಲಿ ಕಾಣುವ ಕೋಟೆ ಯಾವುದು? ಹಳೆಯ ಖಳರಲ್ಲಿ ಯಾರು ಮರಳಿ ಬರುತ್ತಾರೆ? ಮಾಟಗಾರರಿಗೆ ಹೊಸ ಮಂತ್ರ ಏನಾದರೂ ಉಂಟೋ? ಡಾಲರಿನ ಬೆಲೆ ನಮ್ಮಲ್ಲಿಗೆ ಬರುವಷ್ಟರಲ್ಲಿ ಎಷ್ಟು ರೂಪಾಯಿ ಆದೀತು? ಚಹಾ ಆರಿದರೂ ಚರ್ಚೆ ಆರುವುದಿಲ್ಲ. ಇದನ್ನು ನಾನು ಹಂಗಿಸುವವನಲ್ಲ. ಪುಸ್ತಕವೊಂದಕ್ಕಾಗಿ ಇಷ್ಟು ಹಂಬಲಿಸುವ ಹುಡುಗ ಹುಡುಗಿಯರು ಇದ್ದಾರೆ ಎಂಬುದೇ ಸಂತೋಷದ ಸಂಗತಿ. ಆದರೆ ಆ ಹಂಬಲದಲ್ಲಿ ಒಂದು ಪಾಲನ್ನು ಕನ್ನಡಕ್ಕೆ ಕೊಡಿ ಎಂದು ಕೇಳಲು ಬಂದಿದ್ದೇನೆ. ಮುಂದಿನ ಪುಸ್ತಕ ಬರುವುದರೊಳಗೆ ನೀವೇ ಕನ್ನಡದಲ್ಲಿ ಒಂದು ಪೂರಕ ಬರೆಯಿರಿ. ನಾಲ್ಕು ಪುಟದ್ದಾದರೂ ಸರಿ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ನಾಲ್ಕೈದು ಮಂದಿ ಮೇಜಿನ ಸುತ್ತ ಕೂರುತ್ತಾರೆ. ಒಬ್ಬರು ಕಥೆ ನಡೆಸುವವರು. ಅವರನ್ನು ಡಿಎಂ ಎನ್ನುತ್ತಾರೆ. ಉಳಿದವರು ಒಂದೊಂದು ಪಾತ್ರ. ಡಿಎಂ ಸನ್ನಿವೇಶ ಹೇಳುತ್ತಾರೆ, ಪಾತ್ರಧಾರಿಗಳು ತಾವೇನು ಮಾಡುತ್ತೇವೆ ಎಂದು ಹೇಳುತ್ತಾರೆ, ಆದೀತೋ ಆಗದೋ ಎಂಬ ಅನುಮಾನ ಬಂದಲ್ಲಿ ಇಪ್ಪತ್ತು ಮುಖದ ದಾಳ ಉರುಳುತ್ತದೆ. ತಾಳಮದ್ದಲೆ ಕೇಳಿದವರಿಗೆ ಇದರಲ್ಲಿ ಅಪರಿಚಿತವಾದದ್ದು ಕಡಿಮೆ. ಅಲ್ಲೂ ವೇಷವಿಲ್ಲ, ಕುಣಿತವಿಲ್ಲ. ಕೂತಲ್ಲೇ ಒಬ್ಬರು ವಾಲಿ, ಒಬ್ಬರು ರಾಮ. ಭಾಗವತರು ಪದ ಹಾಡಿ ಸನ್ನಿವೇಶ ಮುಂದಿಟ್ಟರೆ ಅರ್ಥಧಾರಿಗಳು ಮಾತನ್ನು ಅಲ್ಲೇ ಹುಟ್ಟಿಸುತ್ತಾರೆ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ ರಾಮನನ್ನು ಕೇಳುತ್ತಿದ್ದ ಪ್ರಶ್ನೆಗಳನ್ನು ಹಳೆಯ ಕೇಳುಗರು ಇವತ್ತಿಗೂ ನೆನೆಯುತ್ತಾರೆ. ಆದರೆ ವಾದದಲ್ಲಿ ಎಷ್ಟೇ ಗೆದ್ದರೂ ಕೊನೆಗೆ ವಾಲಿ ಸಾಯಲೇಬೇಕು, ಪ್ರಸಂಗ ಇರುವುದೇ ಹಾಗೆ. ಈ ಆಟದಲ್ಲಿ ವಾಲಿ ಬದುಕಿಕೊಳ್ಳಲೂಬಹುದು, ದಾಳ ಒಪ್ಪಬೇಕಷ್ಟೆ. ಮೇಳ ತಿರುಗಾಟಕ್ಕೆ ಹೊರಡುವ ಮೊದಲು ಈ ವರ್ಷದ ಹೊಸ ಪ್ರಸಂಗ ಯಾವುದು ಎಂದು ಕರಾವಳಿಯವರು ವಿಚಾರಿಸುವ ಹಾಗೆ, ಈ ಆಟದವರು ಹೊಸ ಪೂರಕದ ಸುದ್ದಿಗೆ ಕಿವಿಗೊಟ್ಟಿರುತ್ತಾರೆ.

ಕಾಯುವವರ ಕೈಯಲ್ಲಿ ಏನಿದೆ ಎಂದು ಕೇಳಬೇಡಿ. ಬಹಳ ಇದೆ. 2023ರ ಜನವರಿಯಲ್ಲಿ ಅಮೆರಿಕದಲ್ಲಿ ನಡೆದದ್ದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ನನ್ನ ಮನವಿ ನಿಂತಿರುವುದೇ ಅದರ ಮೇಲೆ.

2000ದಲ್ಲಿ ಆಟದ ಮೂರನೆಯ ಆವೃತ್ತಿ ತಂದಾಗ ವಿಝರ್ಡ್ಸ್ ಆಫ್ ದ ಕೋಸ್ಟ್ ಕಂಪನಿ ಓಪನ್ ಗೇಮ್ ಲೈಸೆನ್ಸ್ ಎಂಬ ಪರವಾನಗಿಯನ್ನೂ ಹೊರಡಿಸಿತ್ತು. ಆಟದ ಮೂಲ ನಿಯಮಗಳನ್ನು ಬಳಸಿ ಯಾರು ಬೇಕಾದರೂ ಪೂರಕ ಬರೆದು ಮಾರಬಹುದು, ಕಂಪನಿಗೆ ಕಾಸು ಕೊಡಬೇಕಾಗಿಲ್ಲ ಎಂಬುದು ಅದರ ತಿರುಳು. ಅದನ್ನು ನಂಬಿ ಸಣ್ಣಪುಟ್ಟ ಪ್ರಕಾಶಕರು ಹುಟ್ಟಿಕೊಂಡರು. ಪೈಜೊ ಸಂಸ್ಥೆಯ ಪಾತ್‌ಫೈಂಡರ್ 2009ರಲ್ಲಿ ತಲೆಯೆತ್ತಿದ್ದೂ ಅದೇ ಆಸರೆಯಲ್ಲಿ. ಎರಡು ದಶಕ ಕಳೆದ ಮೇಲೆ, 2023ರ ಜನವರಿ ಮೊದಲ ವಾರ, ಆ ಪರವಾನಗಿಯ ಹೊಸ ಕರಡು ಪತ್ರಿಕೆಯವರ ಕೈಗೆ ಸಿಕ್ಕಿ ಬಯಲಾಯಿತು. ವರ್ಷಕ್ಕೆ 7,50,000 ಡಾಲರ್ ಮೀರಿ ವಹಿವಾಟು ಮಾಡುವವರು ಮೀರಿದ ಹಣದ ಮೇಲೆ ಶೇ 25ರವರೆಗೆ ರಾಯಧನ ಕೊಡಬೇಕು, ಹಳೆಯ ಪರವಾನಗಿ ಇನ್ನು ಊರ್ಜಿತವಲ್ಲ ಎಂದು ಅದರಲ್ಲಿತ್ತು.

ಆಟಗಾರರು ಕೆರಳಿದರು. ಕಂಪನಿಯ ಡಿ ಅಂಡ್ ಡಿ ಬಿಯಾಂಡ್ ಸೇವೆಗೆ ಕಟ್ಟುತ್ತಿದ್ದ ಚಂದಾವನ್ನು ಗುಂಪುಗುಂಪಾಗಿ ನಿಲ್ಲಿಸಿದರು. ತಾನೇ ಬೇರೊಂದು ಮುಕ್ತ ಪರವಾನಗಿ ತರುತ್ತೇನೆಂದು ಪೈಜೊ ಸಾರಿತು. ಎಂಟು ತಿಂಗಳಿಗೆ ಸಾಕು ಎಂದು ಅದು ಇಟ್ಟುಕೊಂಡಿದ್ದ ಪುಸ್ತಕದ ದಾಸ್ತಾನು ಎರಡೇ ವಾರದಲ್ಲಿ ಬರಿದಾಯಿತು. ವಿಝರ್ಡ್ಸ್‌ನವರು ತಿದ್ದಿದ ಕರಡು ಮುಂದಿಟ್ಟು ಅಭಿಪ್ರಾಯ ಕೇಳಿದರೆ 15,000ಕ್ಕೂ ಹೆಚ್ಚು ಉತ್ತರ ಬಂದವು. ಈ ಪರವಾನಗಿಯಡಿ ನಾವು ಏನನ್ನೂ ಪ್ರಕಟಿಸುವುದಿಲ್ಲ ಎಂದವರು ಶೇ 88. ಹಳೆಯದನ್ನು ರದ್ದು ಮಾಡುವುದು ಸರಿಯಲ್ಲ ಎಂದವರು ಶೇ 89. ಸಮೀಕ್ಷೆಯ ಗಡುವು ಮುಗಿಯುವವರೆಗೂ ಕಾಯದೆ ಜನವರಿ 27ರಂದು ಕಂಪನಿ ಹಿಂದೆ ಸರಿಯಿತು. ಹಳೆಯ ಪರವಾನಗಿ ಇದ್ದ ಹಾಗೇ ಉಳಿಯಿತು. ಅದರ ಜತೆಗೆ ಯಾರೂ ನಿರೀಕ್ಷಿಸದ ಇನ್ನೊಂದು ಲಾಭವೂ ಆಯಿತು. ಸುಮಾರು 400 ಪುಟದ ನಿಯಮ ಸಂಗ್ರಹ, ಸಿಸ್ಟಮ್ ರೆಫರೆನ್ಸ್ ಡಾಕ್ಯುಮೆಂಟ್ 5.1, ಇಡಿಯಾಗಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಹೊರಬಂತು. 2024ರ ಹೊಸ ನಿಯಮಗಳ ಸಂಗ್ರಹ 5.2 ಕೂಡ 2025ರ ಏಪ್ರಿಲ್‌ನಲ್ಲಿ ಅದೇ ದಾರಿ ಹಿಡಿಯಿತು.

ಕ್ರಿಯೇಟಿವ್ ಕಾಮನ್ಸ್ ಪರವಾನಗಿಯನ್ನು ಒಮ್ಮೆ ಕೊಟ್ಟ ಮೇಲೆ ಹಿಂದಕ್ಕೆ ಪಡೆಯಲು ಬರುವುದಿಲ್ಲ. ಈ ಸಂಗ್ರಹಗಳಿಗೆ ಅನ್ವಯಿಸುವ ಬಗೆಯಲ್ಲಿ, ಮೂಲದವರ ಹೆಸರು ಹೇಳಿ, ಏನೇನು ಬದಲಿಸಿದ್ದೀರಿ ಎಂದು ತಿಳಿಸಿದರೆ ಸಾಕು; ಅನುವಾದಿಸಬಹುದು, ಮಾರ್ಪಡಿಸಬಹುದು, ಅಚ್ಚು ಹಾಕಿಸಿ ಮಾರಲೂಬಹುದು. ಫ್ರೆಂಚ್, ಜರ್ಮನ್, ಇಟಾಲಿಯನ್, ಸ್ಪ್ಯಾನಿಷ್ ಭಾಷೆಗಳಲ್ಲಿ 5.1 ಸಂಗ್ರಹವನ್ನು ಕಂಪನಿಯೇ ಕೊಟ್ಟಿದೆ. ಕನ್ನಡದಲ್ಲಿ ಕೊಡಿ ಎಂದು ಅರ್ಜಿ ಹಿಡಿದು ಯಾರ ಬಾಗಿಲಲ್ಲೂ ನಿಲ್ಲಬೇಕಾಗಿಲ್ಲ. ದೂರದ ಊರಿನ ಆಟಗಾರರು ಜಗಳವಾಡಿ ಗಳಿಸಿದ ಹಕ್ಕಿನಲ್ಲಿ ನಮಗೂ ಸಮಪಾಲು ಇದೆ. ಅದನ್ನು ಬಳಸದೆ ಬಿಟ್ಟರೆ ನಷ್ಟ ನಮ್ಮದೇ.

‘ನಾವು ಆಡುವವರು, ಬರೆಯುವವರಲ್ಲ’ ಎನ್ನುತ್ತೀರೇನೋ. ಈ ಆಟದ ಚರಿತ್ರೆ ಆ ಮಾತನ್ನು ಒಪ್ಪುವುದಿಲ್ಲ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಅರ್ನೆಸನ್ ರೂಪಿಸಿದ ಆಟ 1974ರಲ್ಲಿ ಮೊದಲ ಸಲ ಅಚ್ಚಾದದ್ದು 1,000 ಪ್ರತಿ. ಪೆಟ್ಟಿಗೆಯೊಳಗೆ ಮೂರು ಕಿರುಹೊತ್ತಿಗೆ, ಬೆಲೆ 10 ಡಾಲರ್. ಮುಂದಿನದನ್ನು ನೀವೇ ಕಲ್ಪಿಸಿಕೊಳ್ಳಿ ಎಂಬ ಧಾಟಿಯಲ್ಲಿ ಆ ಹೊತ್ತಿಗೆಗಳು ಮುಗಿಯುತ್ತವೆ. (ಹಾಗೆ ಬರೆದವರೇ ಮರುವರ್ಷ ಮೊದಲ ಪೂರಕ ಗ್ರೇಹಾಕ್ ತಂದರು, ಅದಕ್ಕೆ 5 ಡಾಲರ್. ವ್ಯಾಪಾರವೂ ನಡೆಯಬೇಕಲ್ಲ.) ಆ ಗ್ರೇಹಾಕ್‌ನಲ್ಲಿ ಕಳ್ಳ ಎಂಬ ಪಾತ್ರವರ್ಗ ಮೊದಲ ಬಾರಿಗೆ ಬಂತು. ಬೀಗ ತೆಗೆಯುವ, ಸದ್ದಿಲ್ಲದೆ ನಡೆಯುವ, ಇವತ್ತು ಯಾವ ಆಟಗಾರರ ತಂಡದಲ್ಲೂ ಇರುವ ಆ ಕಳ್ಳನನ್ನು ಮೊದಲು ಕಲ್ಪಿಸಿದವರು ಕ್ಯಾಲಿಫೋರ್ನಿಯಾದ ಏರೋ ಹಾಬೀಸ್ ಎಂಬ ಅಂಗಡಿಯಲ್ಲಿ ಸೇರುತ್ತಿದ್ದ ಆಟಗಾರರು. ಅವರು ಫೋನಿನಲ್ಲಿ ಹೇಳಿದ್ದನ್ನು ಗೈಗ್ಯಾಕ್ಸ್ ತಮ್ಮದೇ ರೀತಿಯಲ್ಲಿ ಬೆಳೆಸಿ ಪುಸ್ತಕಕ್ಕೆ ಸೇರಿಸಿದರು. ಪೂರಕ ಪುಸ್ತಕದ ಬೇರು ಇರುವುದು ಆಡುವವರ ಮೇಜಿನಲ್ಲೇ.

ಇನ್ನು ನಮ್ಮ ದೇಶ ಈ ಪುಸ್ತಕಗಳಲ್ಲಿ ಕಾಣಿಸಿಕೊಂಡ ಬಗೆ ನೋಡಿ. 1980ರ ಡೀಟೀಸ್ ಅಂಡ್ ಡೆಮಿಗಾಡ್ಸ್‌ನಲ್ಲಿ ಇಂದ್ರ, ಅಗ್ನಿ ಮೊದಲಾದವರು ಹಿಟ್ ಪಾಯಿಂಟ್ ಸಮೇತ ಹಾಜರು. ಇಷ್ಟು ಏಟು ಬಿದ್ದರೆ ದೇವೇಂದ್ರನೂ ಸಾಯುತ್ತಾನೆ ಎಂಬ ಲೆಕ್ಕ ಅದು. 1977ರ ಮಾನ್‌ಸ್ಟರ್ ಮ್ಯಾನ್ಯುಯಲ್‌ನ ರಾಕ್ಷಸನಿಗೆ ಹುಲಿಯ ತಲೆ, ಸೇದಲು ಪೈಪು. ಹರಸಿದ ಅಡ್ಡಬಿಲ್ಲಿನ ಬಾಣ ತಗುಲಿದರೆ ಅವನ ಕಥೆ ಮುಗಿಯಿತು. ಕುಮಾರವ್ಯಾಸನಲ್ಲಿ ಹುಡುಕಿದರೆ ಇಂಥವನು ಸಿಗುವುದಿಲ್ಲ. ಕೋಲ್‌ಚಾಕ್ ಎಂಬ ಅಮೆರಿಕನ್ ಟಿವಿ ಸರಣಿಯ 1974ರ ಒಂದು ಕಂತಿನಲ್ಲಿ ರಾಕ್ಷಸನನ್ನು ಕೊಲ್ಲುವುದು ಅಂಥದೇ ಬಾಣದಿಂದ. ಬರೆದವರ ಮೇಲೆ ನನಗೆ ಸಿಟ್ಟಿಲ್ಲ. ಕೈಗೆ ಸಿಕ್ಕಿದ್ದನ್ನು ಬಳಸಿದರು. ಆ ಕಾಲದಲ್ಲಿ ಆ ಮೇಜಿನ ಬಳಿ ನಮ್ಮವರು ಕೂತಿರಲಿಲ್ಲ.

ಕೂತ ಮೇಲೆ ಏನಾಯಿತು ಎಂಬುದಕ್ಕೂ ಸಾಕ್ಷಿ ಇದೆ. 2021ರ ರೇವನ್‌ಲಾಫ್ಟ್ ಪುಸ್ತಕದಲ್ಲಿ ಕಾಲಕೇರಿ ಎಂಬ ರಾಜ್ಯವನ್ನು ಬರೆದವರು ಅಜಿತ್ ಜಾರ್ಜ್. ಹೊಸೂರು ಸೀಮೆಯ ಶಾಂತಿ ಭವನ ವಸತಿ ಶಾಲೆಯ ಕೆಲಸದಲ್ಲೂ ತೊಡಗಿಕೊಂಡವರು ಅವರು. ರಾಣಿ ರಮ್ಯಾ ಮತ್ತು ಅವಳ ಒಡಹುಟ್ಟಿದವರು ಸಿಂಹಾಸನಕ್ಕಾಗಿ ನಡೆಸುವ ಕಾಳಗದ ಕಥೆ ಅದು. ನಮ್ಮ ಯಾವ ಅರಮನೆಯ ಚರಿತ್ರೆ ಓದಿದವರಿಗೂ ಈ ದಾಯಾದಿ ಜಗಳ ಹೊಸದೆನಿಸುವುದಿಲ್ಲ. ಮರುವರ್ಷ ಬಂದ ಜರ್ನೀಸ್ ಥ್ರೂ ದ ರೇಡಿಯಂಟ್ ಸಿಟಡೆಲ್ ಸಂಕಲನದಲ್ಲಿ 13 ಸಾಹಸ ಕಥೆಗಳು. ಕೋಲ್ಕತ್ತದ ಮಿಮಿ ಮಂಡಲ್ ಬರೆದದ್ದರಲ್ಲಿ ಬಂಗಾಳದ ನೀರು ಮಣ್ಣು ಇದೆ. ಬಂಗಾಳ ಬಂತು. ಬಯಲುಸೀಮೆ, ಮಲೆನಾಡು, ಕರಾವಳಿ ಬರಬೇಕಾದರೆ ಯಾರು ಬರೆಯಬೇಕು?

ಏನು ಬರೆಯುವುದು ಎನ್ನುವವರಿಗೆ ಒಂದು ಸುಳಿವು. ಹದಿನಾರನೆಯ ಶತಮಾನದ ಗೇರುಸೊಪ್ಪೆ. ಪೋರ್ಚುಗೀಸರು ‘ಮೆಣಸಿನ ರಾಣಿ’ ಎಂದು ಕರೆದ ಚೆನ್ನಭೈರಾದೇವಿಯ ಆಳ್ವಿಕೆ. ಶರಾವತಿಯ ಮೇಲೆ ಹೊನ್ನಾವರದ ಕಡೆಗೆ ರಾತ್ರಿ ಹೊರಟ ದೋಣಿ, ತುಂಬ ಕಾಳುಮೆಣಸಿನ ಚೀಲ. ಆಟಗಾರರಲ್ಲಿ ಒಬ್ಬರು ಅಂಬಿಗರು, ಒಬ್ಬರು ಕೊಂಕಣಿ ಮಾತಿನ ವ್ಯಾಪಾರಿ, ಒಬ್ಬರು ಬಸದಿಯಲ್ಲಿ ಓದಿ ಬಂದ ಹುಡುಗಿ, ಒಬ್ಬರು ರಾಣಿಯ ಕಾವಲಿನ ಬಿಲ್ಲಾಳು. ಅಳಿವೆಯ ಹೊರಗೆ ಪೋರ್ಚುಗೀಸರ ಹಡಗು ಲಂಗರು ಹಾಕಿದೆ. ಚೀಲಗಳಲ್ಲಿ ಒಂದರೊಳಗೆ ಮೆಣಸಿಲ್ಲ, ಬೇರೇನೋ ಇದೆ ಎಂದು ಅಂಬಿಗನಿಗೆ ಭಾರದಲ್ಲೇ ಗೊತ್ತಾಗುತ್ತದೆ. ಇಷ್ಟು ಹೇಳಿ ಡಿಎಂ ಸುಮ್ಮನಾದರೆ ಸಾಕು, ಮುಂದಿನ ಮೂರು ಗಂಟೆ ಮೇಜೇ ನೋಡಿಕೊಳ್ಳುತ್ತದೆ. ಇದು ನನ್ನ ಕಲ್ಪನೆಯ ಪ್ರಸಂಗ, ಯಾರು ಬೇಕಾದರೂ ಎತ್ತಿಕೊಳ್ಳಿ. ನಿಮ್ಮೂರಿಗೆ ನಿಮ್ಮದೇ ಕೆರೆ, ಕೋಟೆ, ಸಂತೆ ಇದ್ದೇ ಇದೆ.

ಕನ್ನಡದಲ್ಲೇ ಯಾಕೆ ಎಂಬ ಪ್ರಶ್ನೆಗೆ ನಿಮ್ಮ ಮೇಜಿನಲ್ಲೇ ಉತ್ತರವಿದೆ. ಕೂತ ಐವರಲ್ಲಿ ನಾಲ್ವರ ಮನೆಮಾತು ಕನ್ನಡವಾದರೂ, ಪಾತ್ರಗಳು ರಾಜನ ಆಸ್ಥಾನಕ್ಕೆ ಕಾಲಿಟ್ಟ ಕೂಡಲೇ ಎಲ್ಲರೂ ಇಂಗ್ಲಿಷಿಗೆ ಹೊರಳುತ್ತೀರಿ. ಲೂಟಿ ಹಂಚುವ ಜಗಳ ಬಂದಾಗ ಮಾತ್ರ ಕನ್ನಡ ತಾನಾಗಿ ಹೊರಬರುತ್ತದೆ, ಆಟಕ್ಕೆ ಜೀವ ಬರುವುದೂ ಆವಾಗಲೇ. ಇನ್ನೊಂದು ಕಾರಣ ಇದಕ್ಕಿಂತ ದೊಡ್ಡದು. ಕಥೆ ಕಟ್ಟುವುದರಲ್ಲಿ ನಿಮ್ಮನ್ನೂ ನನ್ನನ್ನೂ ಮೀರಿಸುವ ಹುಡುಗಿ ಯಾವುದೋ ಹಳ್ಳಿಯ ಕನ್ನಡ ಶಾಲೆಯಲ್ಲಿ ಇದ್ದಾಳೆ. ಸಾವಿರಾರು ರೂಪಾಯಿಯ ಇಂಗ್ಲಿಷ್ ಪುಸ್ತಕ ಅವಳಿಗೆ ಎಟಕುವುದಿಲ್ಲ. ನಾಲ್ಕು ಪುಟದ ಕನ್ನಡ ಪ್ರಸಂಗ, ಒಂದು ಪುಟದ ನಿಯಮ, ಎರಡು ದಾಳ ಎಟಕುತ್ತವೆ.

400 ಪುಟ ಅನುವಾದಿಸಲು ಹೊರಟು ಮೂವತ್ತನೆಯ ಪುಟಕ್ಕೆ ಸುಸ್ತಾಗಬೇಡಿ. ಕೇರ್ನ್ ಎಂಬ ಪುಟ್ಟ ಆಟವಿದೆ. ಯೊಖಾಯ್ ಗಾಲ್ 2020ರಲ್ಲಿ ಬರೆದದ್ದು, ಇಪ್ಪತ್ತು ಚಿಲ್ಲರೆ ಪುಟ. ಅದೂ ಕ್ರಿಯೇಟಿವ್ ಕಾಮನ್ಸ್‌ನಲ್ಲೇ ಇದೆ. ಅದರಿಂದ ನೀವು ಮಾಡಿದ್ದನ್ನು ಅದೇ ಪರವಾನಗಿಯಲ್ಲಿ ಹಂಚಬೇಕು ಎಂಬ ಶರತ್ತು ಮಾತ್ರ ಉಂಟು. ಹಲವು ಭಾಷೆಗಳವರು ತಾವಾಗಿಯೇ ಅದನ್ನು ತಮ್ಮ ನುಡಿಗೆ ತಂದುಕೊಂಡಿದ್ದಾರೆ. ಮೊದಲು ಅದನ್ನು ಕನ್ನಡಕ್ಕೆ ತನ್ನಿ, ಡಿ ಅಂಡ್ ಡಿ ಆಮೇಲೆ. ಒಂದು ಎಚ್ಚರ: ಮುಕ್ತವಾಗಿರುವುದು ನಿಯಮ ಸಂಗ್ರಹ ಮಾತ್ರ. ಫರ್ಗಾಟನ್ ರೆಲ್ಮ್ಸ್, ಎಬೆರಾನ್ ಮುಂತಾದ ಲೋಕಗಳು ಕಂಪನಿಯ ಸ್ವತ್ತು. ಅವುಗಳ ತಂಟೆಗೆ ಹೋಗಬೇಡಿ, ನಮಗೆ ಅವು ಬೇಕಾಗಿಯೂ ಇಲ್ಲ.

ಬರೆಯುವವರಲ್ಲಿ ಇನ್ನೆರಡು ಕೋರಿಕೆ, ಇವುಗಳ ಬಗ್ಗೆ ನನಗೆ ಹಟವೇ ಇದೆ ಎಂದರೂ ಸರಿ. ಪಂಜುರ್ಲಿಗೆ, ಗುಳಿಗನಿಗೆ, ಊರಮ್ಮನಿಗೆ ಹಿಟ್ ಪಾಯಿಂಟ್ ಬರೆಯಬೇಡಿ. ಇಂದ್ರನಿಗೆ ಹಾಗೆ ಬರೆದವರಿಗೆ ಅವನು ಪುಸ್ತಕದ ದೇವರು. ದೈವಗಳು ನಮ್ಮ ನೆರೆಮನೆಯವರು ವರ್ಷ ವರ್ಷ ಕೋಲ ಕೊಟ್ಟು ನಡೆದುಕೊಳ್ಳುವ ಶಕ್ತಿಗಳು. ಕಾಂತಾರ ಸಿನಿಮಾ ಬಂದ ಮೇಲೆ ಸಿಕ್ಕಸಿಕ್ಕಲ್ಲಿ ದೈವದ ವೇಷ ಹಾಕಿ ಕುಣಿದವರ ಬಗ್ಗೆ ಕರಾವಳಿಯಲ್ಲಿ ಎಷ್ಟು ನೋವು ವ್ಯಕ್ತವಾಯಿತು ಎಂಬುದು ನಿಮಗೆ ನೆನಪಿರಬೇಕು. ಬೇತಾಳ, ಬ್ರಹ್ಮರಾಕ್ಷಸ, ಮೋಹಿನಿ ಧಾರಾಳವಾಗಿ ಬರಲಿ, ಅವರ ಜತೆ ಗುದ್ದಾಡಿ.

ಎರಡನೆಯದು, ಹುಟ್ಟಿನಿಂದಲೇ ಕೆಟ್ಟವರಾದ ಜನಾಂಗವೊಂದನ್ನು ಸೃಷ್ಟಿಸಬೇಡಿ. ಈ ಆಟದಲ್ಲಿ ಬಹುಕಾಲ ಆರ್ಕ್ ಎಂದರೆ ಕಂಡಲ್ಲಿ ಕೊಲ್ಲಬಹುದಾದ ದುಷ್ಟ ಕುಲ. 2020ರಲ್ಲಿ ಅಮೆರಿಕದ ಆಟಗಾರರೇ ಇದನ್ನು ಪ್ರಶ್ನಿಸಿ ಜೋರು ಚರ್ಚೆ ನಡೆಸಿದರು. 2024ರ ಪ್ಲೇಯರ್ಸ್ ಹ್ಯಾಂಡ್‌ಬುಕ್‌ನಲ್ಲಿ ಆರ್ಕ್ ನೀವೇ ಆಡಬಹುದಾದ ಪಾತ್ರ. 2025ರ ಮಾನ್‌ಸ್ಟರ್ ಮ್ಯಾನ್ಯುಯಲ್‌ನಲ್ಲಿ ಆರ್ಕ್‌ಗಳಿಗೆ ಜಾಗವಿಲ್ಲ. ಹಳಬರಲ್ಲಿ ಕೆಲವರು ಇದಕ್ಕೆ ಮುನಿಸಿಕೊಂಡರು. ಮುನಿಸಿಕೊಳ್ಳಲಿ. ಹುಟ್ಟಿದ ಕುಲ ನೋಡಿ ಮನುಷ್ಯನ ಗುಣ ನಿರ್ಧರಿಸುವ ರೋಗ ಏನೆಂದು ನಮ್ಮ ನಾಡಿನಲ್ಲಿ ಯಾರಿಗೂ ಪಾಠ ಹೇಳಬೇಕಾಗಿಲ್ಲ. ಅದನ್ನು ಮೇಜಿನ ಮೇಲೂ ತಂದು ಕೂರಿಸುವುದು ಬೇಡ. ನಿಮ್ಮ ಖಳ ಕೆಟ್ಟವನಾದರೆ ಅದಕ್ಕೊಂದು ಕಾರಣ ಬರೆಯಿರಿ, ಕಥೆಯೂ ಚೆನ್ನಾಗಿರುತ್ತದೆ.

ಕಾಯುವ ಕೆಲಸವನ್ನೂ ಸ್ವಲ್ಪ ಜವಾಬ್ದಾರಿಯಿಂದ ಮಾಡೋಣ. ಹೊಸ ನಿಯಮಗಳ ಕರಡನ್ನು ಕಂಪನಿ ಅನ್‌ಅರ್ಥ್ಡ್ ಅರ್ಕೇನಾ ಎಂಬ ಹೆಸರಿನಲ್ಲಿ ಉಚಿತವಾಗಿ ಕೊಟ್ಟು, ಆಮೇಲೆ ಸಮೀಕ್ಷೆಯಲ್ಲಿ ಅಭಿಪ್ರಾಯ ಕೇಳುತ್ತದೆ. ಒಮ್ಮೆಯೂ ಆಡಿ ನೋಡದೆ ‘ದರಿದ್ರ’ ಎಂದು ಷರಾ ಬರೆಯುವವರೇ ಹೆಚ್ಚು. ಒಂದು ಸಂಜೆ ಆಡಿ, ಆಮೇಲೆ ಬೈಯಿರಿ. ಬೈಗುಳಕ್ಕೆ ತೂಕ ಬರುತ್ತದೆ. ಸಣ್ಣ ಪ್ರಕಾಶಕರ, ಅದರಲ್ಲೂ ನಮ್ಮ ದೇಶದಲ್ಲೇ ಕೈಯಿಂದ ದುಡ್ಡು ಹಾಕಿ ಆಟ ತರುವವರ ಪುಸ್ತಕದ ಕದ್ದ ಪ್ರತಿಯನ್ನು ಹಂಚಬೇಡಿ. ಮುಕ್ತ ಪರವಾನಗಿಯ ಆಟಗಳು ಇಷ್ಟಿರುವಾಗ ಕಳ್ಳತನಕ್ಕೆ ಬಡತನದ ನೆಪವೂ ಇಲ್ಲ.

ಈಗ ಹಿರಿಯರಿಗೆ. 1980ರ ದಶಕದ ಅಮೆರಿಕದಲ್ಲಿ ಈ ಆಟ ಮಕ್ಕಳನ್ನು ಸೈತಾನನ ಕಡೆಗೆ ಎಳೆಯುತ್ತದೆ ಎಂಬ ಭಯ ಹಬ್ಬಿತ್ತು. 1983ರಲ್ಲಿ ಆಟದ ವಿರುದ್ಧ ಒಂದು ಸಂಘಟನೆಯೇ ಹುಟ್ಟಿತ್ತು. ಆ ಭಯ ಪೊಳ್ಳಾಗಿತ್ತು. ಅದೇ ದೇಶದ ಅಂಚೆ ಇಲಾಖೆ 2024ರಲ್ಲಿ, ಆಟಕ್ಕೆ 50 ವರ್ಷ ತುಂಬಿದ ನೆನಪಿಗೆ, ಅಂಚೆಚೀಟಿಗಳನ್ನೇ ಹೊರತಂದಿತು. ಅಲ್ಲಿನ ಎಷ್ಟೋ ಸಾರ್ವಜನಿಕ ಗ್ರಂಥಾಲಯಗಳು ಹದಿಹರೆಯದವರಿಗಾಗಿ ಈ ಆಟದ ಸಂಜೆಗಳನ್ನು ನಡೆಸುತ್ತವೆ. ನಮ್ಮಲ್ಲಿ 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಇದೆ, ಆಸ್ತಿ ತೆರಿಗೆಯ ಜತೆ ಶೇ 6ರ ಗ್ರಂಥಾಲಯ ಕರವನ್ನು ನೀವು ಕಟ್ಟುತ್ತಲೇ ಇದ್ದೀರಿ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. 2020ರಲ್ಲಿ ಶಾಲೆಗಳು ಮುಚ್ಚಿದ್ದಾಗ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಹಳ್ಳಿಯ ಮಕ್ಕಳು ಅಲ್ಲಿಗೆ ಬಂದು ಪುಸ್ತಕ ಹಿಡಿದಿದ್ದನ್ನು ನೋಡಿದ್ದೇವೆ. ಅಂಥ ಕೇಂದ್ರದಲ್ಲಿ ವಾರಕ್ಕೊಂದು ಸಂಜೆ ಒಂದು ಮೇಜು, ಆರು ಕುರ್ಚಿ ಬಿಟ್ಟುಕೊಡುವುದಕ್ಕೆ ಖರ್ಚೇನೂ ಇಲ್ಲ. ಸ್ವಲ್ಪ ಗಲಾಟೆ ಆಗುತ್ತದೆ. ಗ್ರಂಥಾಲಯದಲ್ಲಿ ಮಕ್ಕಳ ನಗು ಕೇಳಿಸಿದರೆ ದೂರು ಕೊಡದಿರುವುದೂ ಹಿರಿಯರು ಮಾಡಬಹುದಾದ ಸಹಾಯವೇ. ಕನ್ನಡ ಮೇಷ್ಟ್ರುಗಳೇ, ಮಾತಾಡಲು ಹಿಂಜರಿಯುವ ಮಗುವಿಗೆ ಭಾಷಣ ಸ್ಪರ್ಧೆಗಿಂತ ಅಂಬಿಗನ ಪಾತ್ರ ಕೊಟ್ಟು ನೋಡಿ.

ಹೊರನಾಡಿನಲ್ಲಿ, ಹೊರದೇಶದಲ್ಲಿ ಇರುವ ಕನ್ನಡಿಗರೇ, ನಿಮ್ಮಲ್ಲಿ ಅಮೆರಿಕದಲ್ಲಿರುವವರಂತೂ ಈ ಆಟದ ತವರಿನಲ್ಲೇ ಇದ್ದೀರಿ. ಕನ್ನಡ ಕಲಿ ತರಗತಿಗೆ ಬರಲು ಮೊಂಡು ಹಿಡಿಯುವ ಮಕ್ಕಳು ಈ ಮೇಜಿಗೆ ತಾವಾಗಿಯೇ ಬಂದಾರು. ಆಟದ ಹಳೆಯ ಅನುಭವಿಗಳು ನಿಮ್ಮ ನಡುವೆ ಇದ್ದರೆ ಇಲ್ಲಿನ ಹೊಸಬರು ಬರೆದ ಪ್ರಸಂಗವನ್ನು ಆಡಿ ನೋಡಿ, ಎಲ್ಲಿ ಎಡವುತ್ತದೆ ಎಂದು ನೇರವಾಗಿ ತಿಳಿಸಿ.

ಗೆಳೆಯರೇ, ಮುಂದಿನ ಪುಸ್ತಕದ ಘೋಷಣೆ ಹೇಗೂ ಬರುತ್ತದೆ, ಅದರ ಚರ್ಚೆಗೆ ನಾನೂ ಬರುತ್ತೇನೆ. ಅಷ್ಟರೊಳಗೆ ಒಂದು ಭಾನುವಾರ ನಿಮ್ಮ ಗುಂಪು ಪೂರ್ತಿ ಕನ್ನಡದಲ್ಲಿ ಆಡಲಿ. ಆಡಿದ್ದನ್ನು ಬರೆದಿಡಿ. ಕೆಳಗೆ ನಿಯಮ ಬರೆದವರ ಹೆಸರು, ಪರವಾನಗಿಯ ಹೆಸರು ಹಾಕಿ, ನಾಲ್ಕು ಪುಟ ಜೆರಾಕ್ಸ್ ಮಾಡಿಸಿ ಹತ್ತಿರದ ಗ್ರಂಥಾಲಯದಲ್ಲಿ ಒಂದು ಪ್ರತಿ ಕೊಟ್ಟು ಬನ್ನಿ.